ನಿಕಲ್ ಅಲರ್ಜಿ: ಪಥ್ಯ ಯಾರಿಗೆ, ಎಷ್ಟು ದಿನ?

ಲೋಹದ ಅಲರ್ಜಿ ಎಂದರೆ ಚರ್ಮವೈದ್ಯರಿಗೆ ಮೊದಲು ನೆನಪಾಗುವುದು ನಿಕಲ್. ಸ್ಪರ್ಶದಿಂದ ಬರುವ ಚರ್ಮದ ಅಲರ್ಜಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಕಾರಣವಾಗುವ ವಸ್ತು ಅದೇ. ಒನ್ ಗ್ರಾಮ್ ಗೋಲ್ಡ್ ಸರ, ಓಲೆಯ ತಿರುಪು, ವಾಚಿನ ಹಿಂಬದಿ, ಜೀನ್ಸ್ ಗುಂಡಿ, ಬೆಲ್ಟಿನ ಬಕಲ್, ಸೇಫ್ಟಿ ಪಿನ್ ಇಂಥ ಸಣ್ಣಪುಟ್ಟ ಸಾಮಾನುಗಳಲ್ಲಿ ಅದು ಸೇರಿಕೊಂಡಿರುತ್ತದೆ. ತಾಗಿದ ಜಾಗದಲ್ಲಿ ತುರಿಕೆ ಶುರುವಾಗಿ, ಕೆಂಪೇರಿ, ನೀರುಗುಳ್ಳೆ ಎದ್ದು, ತಿಂಗಳುಗಟ್ಟಲೆ ಕೆರೆದರೆ ಚರ್ಮ ದಪ್ಪಗಟ್ಟಿ ಕಪ್ಪಾಗುತ್ತದೆ. ಆ ಒಡವೆ ಬಿಚ್ಚಿಟ್ಟರೆ ಬಹುಪಾಲು ಜನರಿಗೆ ಇದು ಇಳಿಯುತ್ತದೆ. ಕೆಲವರಿಗೆ ಮಾತ್ರ ಇಳಿಯುವುದಿಲ್ಲ. ಯಾವ ಲೋಹವನ್ನೂ ಮುಟ್ಟದಿದ್ದರೂ ಅಂಗೈಯಲ್ಲಿ, ಬೆರಳ ಸಂದಿಯಲ್ಲಿ, ಮೊಣಕೈ ಮಡಿಕೆಯಲ್ಲಿ ಮತ್ತೆ ಮತ್ತೆ ಗುಳ್ಳೆ ಏಳುತ್ತದೆ. ಇಂಥವರ ಕೈಗೆ ಈಗ ಒಂದು ಪಟ್ಟಿ ಬಂದು ಸೇರುತ್ತಿದೆ. ಗೋಡಂಬಿ ಬೇಡ, ಚಾಕೊಲೇಟ್ ಬೇಡ, ಕಡಲೆಕಾಯಿ ಬೇಡ, ಬೇಳೆಕಾಳು ಬೇಡ, ಓಟ್ಸ್ ಬೇಡ, ಸ್ಟೀಲ್ ಪಾತ್ರೆಯೂ ಬೇಡ. ಈ ಪಟ್ಟಿಗೆ ಆಧಾರವಿದೆಯೇ? ಇದ್ದರೆ ಯಾರಿಗೆ, ಎಷ್ಟು ದಿನಕ್ಕೆ? ಕಳೆದ ಐವತ್ತು ವರ್ಷಗಳ ಪುರಾವೆಯನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವ ಉತ್ತರ ಇಷ್ಟು: ನಿಕಲ್ ಪಥ್ಯಕ್ಕೆ ವಿಜ್ಞಾನದ ಬೆಂಬಲವಿದೆ, ಆದರೆ ಕೆಲವೇ ಜನರ ಮಟ್ಟಿಗೆ, ಕೆಲವೇ ವಾರಗಳ ಪರೀಕ್ಷೆಯಾಗಿ. ವರ್ಷಗಟ್ಟಲೆ ಎಳೆದರೆ ಅದೇ ಪಥ್ಯ ರೋಗಕ್ಕೆ ನೆರವಾಗುವ ಸಂಭವವೂ ಇದೆ.

ಮೊದಲು ಅಲರ್ಜಿ ಹುಟ್ಟುವ ಬಗೆಯನ್ನು ನೋಡೋಣ. ಬೆವರು ತಗುಲಿದಾಗ ಲೋಹದಿಂದ ನಿಕಲ್ ಅಯಾನುಗಳು ಬಿಡುಗಡೆಯಾಗಿ ಚರ್ಮದೊಳಕ್ಕೆ ಇಳಿಯುತ್ತವೆ. ಅಲ್ಲಿ ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳು ಅದನ್ನು ಶತ್ರುವೆಂದು ಗುರುತು ಹಿಡಿದುಕೊಳ್ಳುತ್ತವೆ. ಬ್ಯಾಕ್ಟೀರಿಯಾ ಬಂದರೆ ಎಚ್ಚರಿಸಲೆಂದು ನಮ್ಮ ಜೀವಕೋಶಗಳ ಮೇಲಿರುವ ಟಿಎಲ್‌ಆರ್‌-4 ಎಂಬ ಗ್ರಾಹಕಕ್ಕೆ ನಿಕಲ್ ನೇರವಾಗಿ ಅಂಟಿಕೊಂಡು ಸುಳ್ಳು ಎಚ್ಚರಿಕೆ ಕೊಡಿಸುತ್ತದೆ ಎಂಬುದನ್ನು ಜರ್ಮನಿಯ ಸಂಶೋಧಕರು 2010ರಲ್ಲಿ ತೋರಿಸಿದರು. ಇಷ್ಟೊಂದು ಜನರಿಗೆ ಈ ಲೋಹವೇ ಒಗ್ಗದಿರುವುದಕ್ಕೆ ಅದರಿಂದ ಒಂದು ಸಮಂಜಸ ವಿವರಣೆ ಸಿಕ್ಕಿತು. ಒಮ್ಮೆ ಹುಟ್ಟಿದ ಈ ನೆನಪು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಮುಂದೆ ನಿಕಲ್ ತಾಗಿದಾಗಲೆಲ್ಲ ಒಂದೆರಡು ದಿನ ತಡವಾಗಿ ಉರಿಯೂತ ಕಾಣಿಸಿಕೊಳ್ಳುತ್ತದೆ. ಹೀಗೆ ತಡವಾಗಿ ಬರುವುದರಿಂದಲೇ ಇದನ್ನು ಕಂಡುಹಿಡಿಯುವುದು ಕಷ್ಟ. ನಿನ್ನೆ ರಾತ್ರಿಯ ಊಟದ ಮೇಲೆ ಬರುವ ಅನುಮಾನ ಮೊನ್ನೆ ಮದುವೆಮನೆಗೆ ಹಾಕಿಕೊಂಡ ಬಳೆಯ ಮೇಲೆ ಬರುವುದಿಲ್ಲ. ಅದಕ್ಕಾಗಿ ಇರುವುದು ಪ್ಯಾಚ್ ಟೆಸ್ಟ್. 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ಚರ್ಮವೈದ್ಯ ಆರಂಭಿಸಿದ ಈ ಪದ್ಧತಿಯಲ್ಲಿ ಶಂಕಿತ ವಸ್ತುಗಳನ್ನು ಸಣ್ಣ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ನಮ್ಮಲ್ಲಿ ಬಳಸುವ ಕಿಟ್‌ನಲ್ಲಿ ನಿಕಲ್ ಸಲ್ಫೇಟ್ ಶೇಕಡಾ 5ರ ಪ್ರಮಾಣದಲ್ಲಿರುತ್ತದೆ. 48 ಗಂಟೆ ಬೆನ್ನು ನೆನೆಸುವಂತಿಲ್ಲ. ಪಟ್ಟಿ ತೆಗೆದ ಮೇಲೆ ಒಮ್ಮೆ, 96 ಗಂಟೆಯ ಹೊತ್ತಿಗೆ ಇನ್ನೊಮ್ಮೆ ನೋಡಿ, ಕೆಂಪು, ಊತ, ಗುಳ್ಳೆಯ ಮೇಲೆ ತೀರ್ಮಾನಿಸುತ್ತಾರೆ. ರಕ್ತ ಕೊಟ್ಟು ಮಾಡಿಸುವ ಸಾಮಾನ್ಯ ಐಜಿಇ ಅಲರ್ಜಿ ಪ್ಯಾನೆಲ್‌ಗಳು ಈ ಬಗೆಯ ಅಲರ್ಜಿಯನ್ನು ಹಿಡಿಯುವುದಿಲ್ಲ, ಏಕೆಂದರೆ ಅವು ಅಳೆಯುವುದು ಬೇರೆಯದೇ ದಾರಿಯ ಪ್ರತಿಕ್ರಿಯೆಯನ್ನು.

ಚರ್ಮಕ್ಕೆ ತಾಗಿದ ಲೋಹದ ಮಾತು ತಟ್ಟೆಯವರೆಗೆ ಬಂದದ್ದು 1970ರ ದಶಕದಲ್ಲಿ. ಕೈ ಇಸುಬಿದ್ದ ನಿಕಲ್ ಅಲರ್ಜಿಯ ಹೆಂಗಸರು ಲೋಹದಿಂದ ದೂರವಿದ್ದರೂ ಗುಳ್ಳೆ ಮರುಕಳಿಸುವುದನ್ನು ಗಮನಿಸಿದ ಸ್ವೀಡನ್ನಿನ ಕ್ರಿಸ್ಟೆನ್ಸನ್ ಮತ್ತು ಮೊಲ್ಲರ್ 1975ರಲ್ಲಿ ಒಂದು ಪ್ರಯೋಗ ನಡೆಸಿದರು. ಹನ್ನೆರಡು ಮಂದಿಗೆ 5.6 ಮಿಲಿಗ್ರಾಂ ನಿಕಲ್ ನುಂಗಲು ಕೊಟ್ಟಾಗ ಒಂಬತ್ತು ಮಂದಿಯ ಕೈ ಇಸುಬು ಕೆರಳಿತು. ಮುಂದಿನ ವರ್ಷಗಳಲ್ಲಿ ಡೆನ್ಮಾರ್ಕಿನ ನೀಲ್ಸ್ ವೇಯೆನ್ ಮತ್ತು ಟಾರ್ಕಿಲ್ ಮೆನ್ನೆ ಇದನ್ನು ಮುಂದುವರಿಸಿದರು. ರಕ್ತದ ಮೂಲಕ ಚರ್ಮ ತಲುಪಿದ ನಿಕಲ್ ಹಳೆಯ ಗಾಯದ ಜಾಗಗಳನ್ನೇ ಹುಡುಕಿಕೊಂಡು ಹೋಗುವಂತೆ ವರ್ತಿಸುತ್ತದೆ ಎಂಬುದು ಈ ಅಧ್ಯಯನಗಳಲ್ಲಿ ಕಂಡ ವಿಶೇಷ. ವರ್ಷಗಳ ಹಿಂದೆ ಓಲೆಯಿಂದ ಇಸುಬಾಗಿದ್ದ ಕಿವಿ ತುರಿಸುತ್ತದೆ. ಬೆನ್ನಿನಲ್ಲಿ ಪ್ಯಾಚ್ ಟೆಸ್ಟ್ ಮಾಡಿದ್ದ ಅದೇ ಜಾಗ ಮತ್ತೆ ಕೆಂಪಾಗುತ್ತದೆ. ಹೊರಗಿನ ಸ್ಪರ್ಶದಿಂದ ಇದನ್ನು ವಿವರಿಸಲಾಗದು. ಆದ್ದರಿಂದ ತಿಂದ ನಿಕಲ್ ಚರ್ಮವನ್ನು ಕೆರಳಿಸಬಲ್ಲದು ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಹಾಗಿಲ್ಲ. ಇನ್ನು ಉಳಿಯುವುದು ಪ್ರಮಾಣದ ಪ್ರಶ್ನೆ, ಇಡೀ ವಿವಾದ ನಿಂತಿರುವುದು ಅದರ ಮೇಲೆಯೇ.

ಸಾಮಾನ್ಯ ಊಟದಿಂದ ಒಬ್ಬ ವಯಸ್ಕರ ಹೊಟ್ಟೆಗೆ ದಿನಕ್ಕೆ ಸುಮಾರು 150ರಿಂದ 300 ಮೈಕ್ರೋಗ್ರಾಂ ನಿಕಲ್ ಸೇರುತ್ತದೆ. ಪ್ರಯೋಗಗಳಲ್ಲಿ ಕೊಟ್ಟ 2.5 ಅಥವಾ 5.6 ಮಿಲಿಗ್ರಾಂ ಎಂದರೆ ಅದರ ಎಂಟು ಹತ್ತು ಪಟ್ಟಿನಿಂದ ಮೂವತ್ತು ಪಟ್ಟಿಗೂ ಮೇಲೆ. ಅದೂ ಆಹಾರದ ಜೊತೆಗಲ್ಲ, ಶುದ್ಧ ಲವಣದ ರೂಪದಲ್ಲಿ. 1986ರಲ್ಲಿ ಬ್ರಿಟನ್ನಿನ ವೈದ್ಯರು ನಡೆಸಿದ ಪರೀಕ್ಷೆಯಲ್ಲಿ 5.6 ಮಿಲಿಗ್ರಾಂ ನುಂಗಿದವರೆಲ್ಲ ಪ್ರತಿಕ್ರಿಯಿಸಿದರು, ಆದರೆ ಕಡಿಮೆ ಪ್ರಮಾಣದಲ್ಲಿ ನಿಕಲ್‌ಗೂ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಡೆನ್ಮಾರ್ಕಿನ ಜೆನ್ಸೆನ್, ಮೆನ್ನೆ ಮತ್ತು ಯೊಹಾನ್ಸೆನ್ 2006ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ದಿನಕ್ಕೆ 0.22ರಿಂದ 0.35 ಮಿಲಿಗ್ರಾಂ ನಿಕಲ್‌ಗೆ, ಅಂದರೆ ಹೆಚ್ಚುಕಡಿಮೆ ಮಾಮೂಲಿ ಊಟದ ಮಟ್ಟಕ್ಕೆ, ನಿಕಲ್ ಅಲರ್ಜಿಯ ನೂರು ಜನರಲ್ಲಿ ಒಬ್ಬರು ಪ್ರತಿಕ್ರಿಯಿಸಬಹುದು, 0.55ರಿಂದ 0.89 ಮಿಲಿಗ್ರಾಂಗೆ ಹತ್ತು ಮಂದಿ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2020ರ ವರದಿಯಲ್ಲಿ ಅಲರ್ಜಿ ಇರುವವರ ಚರ್ಮ ಕೆರಳಿದ ಅತಿ ಕಡಿಮೆ ಪ್ರಮಾಣವನ್ನು ದೇಹದ ತೂಕದ ಕಿಲೋಗೆ 4.3 ಮೈಕ್ರೋಗ್ರಾಂ ಎಂದು ಗುರುತಿಸಿದೆ; 60 ಕಿಲೋ ತೂಕದವರಿಗೆ ಇದು ಸುಮಾರು 260 ಮೈಕ್ರೋಗ್ರಾಂ. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಪ್ಯಾಚ್ ಟೆಸ್ಟ್‌ನಲ್ಲಿ ನಿಕಲ್ ಬಂದವರೆಲ್ಲರಿಗೂ ಪಥ್ಯ ಹೇಳಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಸುಮ್ಮನೆ ಬಾಯಿ ಕಟ್ಟಿದಂತಾಗುತ್ತದೆ. ಹಾಗೆಂದು ಉಳಿದವರ ತೊಂದರೆ ಕಲ್ಪನೆಯೂ ಅಲ್ಲ. ಮಾಮೂಲಿ ಊಟಕ್ಕೂ ತೊಂದರೆಯ ಮಟ್ಟಕ್ಕೂ ನಡುವಿನ ಅಂತರ ಅವರಿಗೆ ತೀರ ಕಿರಿದು. ಒಂದು ಹಿಡಿ ಗೋಡಂಬಿ ಅದನ್ನು ದಾಟಿಸಬಲ್ಲದು.

ಹಾಗಾದರೆ ಪಥ್ಯ ಮಾಡಿದವರಿಗೆ ಗುಣವಾಯಿತೇ? 1978ರಲ್ಲಿ ಕಾಬರ್, ವೇಯೆನ್ ಮತ್ತು ಟ್ಯೆಲ್ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲದ ನಿಕಲ್ ಇಸುಬಿದ್ದ 28 ಮಂದಿಯಲ್ಲಿ 17 ಜನರಿಗೆ ನಿಕಲ್ ನುಂಗಿಸಿದಾಗ ರೋಗ ಕೆರಳಿತು. ಅವರು ಆರು ವಾರ ಕಡಿಮೆ ನಿಕಲ್‌ನ ಊಟ ಮಾಡಿದಾಗ ಒಂಬತ್ತು ಮಂದಿಗೆ ಇಳಿಯಿತು, ಮಾಮೂಲಿ ಊಟಕ್ಕೆ ಮರಳಿದಾಗ ಅವರಲ್ಲಿ ಏಳು ಮಂದಿಗೆ ಮತ್ತೆ ಬಂತು. 1993ರಲ್ಲಿ ವೇಯೆನ್ ತಂಡ ಹೀಗೆಯೇ ಆಯ್ದ 90 ಮಂದಿಯನ್ನು ಒಂದೆರಡು ತಿಂಗಳು ಪಥ್ಯದಲ್ಲಿಟ್ಟಿತು. 58 ಮಂದಿಗೆ ಉಪಯೋಗವಾಯಿತು. ಟೀಕಾಕಾರರ ಆಕ್ಷೇಪ ಇಲ್ಲಿ ಬಲವಾಗಿದೆ. ಇವು ರೋಗಿಗೂ ವೈದ್ಯರಿಗೂ ಗೊತ್ತಿದ್ದೇ ನಡೆದ ಪ್ರಯೋಗಗಳು, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಕೈ ಇಸುಬು ತಾನಾಗಿಯೇ ಏರಿಳಿಯುವ ರೋಗ. ಏರಿದಾಗ ಪಥ್ಯ ಹಿಡಿದು, ಇಳಿದಾಗ ಪಥ್ಯಕ್ಕೆ ಜೈ ಎನ್ನುವುದು ಸುಲಭ. ಈ ಆಕ್ಷೇಪವನ್ನು ಒಪ್ಪಿಕೊಂಡೂ ಎರಡು ಅಂಶ ಉಳಿಯುತ್ತವೆ. ಮಾಮೂಲಿ ಊಟಕ್ಕೆ ಮರಳಿದಾಗ ರೋಗವೂ ಮರಳಿದ್ದನ್ನು ಬರೀ ಕಾಕತಾಳೀಯ ಎನ್ನುವುದು ಕಷ್ಟ. ಮತ್ತೆ, ಲಾಭ ಪಡೆದವರೆಲ್ಲ ನಿಕಲ್ ನುಂಗಿಸಿ ಮೊದಲೇ ಸೋಸಿ ಆರಿಸಿದ ಜನ. ಅಂದರೆ ಪಥ್ಯದ ಪರವಾದ ಪುರಾವೆಯೇ ಅದರ ಎಲ್ಲೆಯನ್ನೂ ಗೆರೆ ಎಳೆದು ತೋರಿಸುತ್ತಿದೆ. ಸೋಸದೆ ಎಲ್ಲರಿಗೂ ಹಂಚುವ ಪಟ್ಟಿಗೆ ಈ ಅಧ್ಯಯನಗಳು ಸಾಕ್ಷಿಯಾಗಲಾರವು.

ಪಥ್ಯಕ್ಕಿಂತ ಮೊದಲು ಮುಗಿಸಬೇಕಾದ ಕೆಲಸ ಮೈಮೇಲಿನದು. ಇದಕ್ಕೆ ಡೆನ್ಮಾರ್ಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೈಗೆ ತಾಗುವ ಸಾಮಾನಿನಿಂದ ಬಿಡುಗಡೆಯಾಗುವ ನಿಕಲ್‌ಗೆ ಆ ದೇಶ 1990ರ ಸುಮಾರಿಗೆ ಕಡಿವಾಣ ಹಾಕಿತು. 1994ರಲ್ಲಿ ಯೂರೋಪಿನ ಒಕ್ಕೂಟವೇ ಆ ನಿಯಮವನ್ನು ಕೈಗೆತ್ತಿಕೊಂಡು, ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ಚುಚ್ಚಿದ ಕಿವಿ ಮೂಗಿಗೆ ಹಾಕುವ ಕಡ್ಡಿಗಳಿಗೆ ಮುಂದೆ 0.2ರ ಮಿತಿ ಬಂತು. ನಿಯಮ ಬಂದ ಮೇಲೆ ಕಿವಿ ಚುಚ್ಚಿಸಿಕೊಂಡ ಡೆನ್ಮಾರ್ಕಿನ ಹುಡುಗಿಯರಲ್ಲಿ ನಿಕಲ್ ಅಲರ್ಜಿ ಸ್ಪಷ್ಟವಾಗಿ ಕಡಿಮೆಯಾಯಿತು. ಅವರ ಊಟವನ್ನು ಯಾರೂ ಬದಲಿಸಿರಲಿಲ್ಲ. ನಮ್ಮ ಪೇಟೆಯಲ್ಲಿ ಸಿಗುವ ಇಮಿಟೇಶನ್ ಒಡವೆಯ ಮೇಲೆ ನಿಕಲ್ ಎಷ್ಟಿದೆಯೆಂದು ಬರೆದಿರುವುದಿಲ್ಲ, ಹೀಗಾಗಿ ಪರೀಕ್ಷಿಸಿಕೊಳ್ಳುವ ಹೊಣೆ ಕೊಳ್ಳುವವರ ಮೇಲೆ ಬೀಳುತ್ತದೆ. ಡೈಮಿಥೈಲ್‌ಗ್ಲೈಆಕ್ಸೈಮ್ ದ್ರಾವಣ ಮತ್ತು ಅಮೋನಿಯಾ ಹಾಕಿದ ಹತ್ತಿಕಡ್ಡಿಯಿಂದ ಒಡವೆಯನ್ನು ಅರ್ಧ ನಿಮಿಷ ಉಜ್ಜಿದರೆ, ನಿಕಲ್ ಬಿಡುತ್ತಿದ್ದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದರ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೆಲವು ಚರ್ಮವೈದ್ಯರ ಬಳಿಯೂ ಇರುತ್ತದೆ. ಓಲೆ, ಬಕಲ್, ಬೀಗದ ಕೈ, ಕತ್ತರಿಯ ಹಿಡಿ ಇವೆಲ್ಲವನ್ನೂ ಹೀಗೆ ನೋಡಿ ಬದಲಿಸದೆ ತಟ್ಟೆಯತ್ತ ಬೆರಳು ತೋರಿಸಿದರೆ ರೋಗ ಇದ್ದಲ್ಲೇ ಇರುತ್ತದೆ. ಸಾಬೂನು, ಪಾತ್ರೆ ತೊಳೆಯುವ ಪುಡಿ, ಸದಾ ನೀರಿನಲ್ಲಿ ನೆನೆಯುವ ಕೈ ಇವೂ ಇಸುಬಿಗೆ ಸ್ವತಂತ್ರ ಕಾರಣಗಳು. ಅವನ್ನು ಸರಿಪಡಿಸದ ಪಥ್ಯಕ್ಕೆ ಫಲ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಇಳಿಯದವರಿಗೆ ಅಡುಗೆಮನೆಯ ಪ್ರಶ್ನೆ ಬರುತ್ತದೆ. ನಿಕಲ್ ಹೆಚ್ಚಿರುವುದು ಬೀಜ, ಕಾಳು ಮತ್ತು ಸಿಪ್ಪೆಸಹಿತ ಧಾನ್ಯಗಳಲ್ಲಿ, ಏಕೆಂದರೆ ಗಿಡ ಮಣ್ಣಿನಿಂದ ಹೀರಿದ ನಿಕಲ್ಲನ್ನು ಬೀಜದತ್ತ ಸಾಗಿಸುತ್ತದೆ. ಕೋಕೋ ಪುಡಿಯಲ್ಲಿ ಗ್ರಾಂಗೆ ಸುಮಾರು 10 ಮೈಕ್ರೋಗ್ರಾಂ, ಗೋಡಂಬಿಯಲ್ಲಿ ಸುಮಾರು 5. ಸೋಯಾ, ಓಟ್ಸ್, ಕಡಲೆಕಾಯಿ, ಬಾದಾಮಿ, ಎಳ್ಳು, ಕಡಲೆ, ಹೆಸರು ಮುಂತಾದ ಕಾಳುಗಳು, ಸಿಗಡಿ ಮತ್ತು ಚಿಪ್ಪಿನ ಮೀನು, ಡಬ್ಬಿಯಲ್ಲಿ ಬರುವ ಆಹಾರ ಇವೂ ಪಟ್ಟಿಯ ಮೇಲ್ಭಾಗದಲ್ಲಿವೆ. ಪಾಲಿಶ್ ಅಕ್ಕಿಯ ಅನ್ನ, ಹಾಲು, ಮೊಸರು, ಮಜ್ಜಿಗೆ, ಮೊಟ್ಟೆ, ಕೋಳಿ, ಆಲೂಗಡ್ಡೆ, ಸೌತೆಕಾಯಿ, ಹೆಚ್ಚಿನ ಹಣ್ಣುಗಳು ಕೆಳಭಾಗದಲ್ಲಿವೆ. ಮೈ ತುರಿಸಿದರೆ ಬದನೆಕಾಯಿ ಬಿಡಿ ಎನ್ನುವ ಮನೆಮಾತಿಗೂ ಈ ಪಟ್ಟಿಗೂ ಸಂಬಂಧವಿಲ್ಲ. ಆರೋಗ್ಯಕ್ಕೆಂದು ಈಚೆಗೆ ನಗರಗಳಲ್ಲಿ ರೂಢಿಯಾಗಿರುವ ಬೆಳಗಿನ ಬಟ್ಟಲನ್ನೇ ನೋಡಿ: ಓಟ್ಸ್, ಮೇಲೆ ಗೋಡಂಬಿ ಬಾದಾಮಿ, ಸೂರ್ಯಕಾಂತಿ ಬೀಜ, ಸೋಯಾ ಹಾಲು, ಜೊತೆಗೆ ಡಾರ್ಕ್ ಚಾಕೊಲೇಟ್ ತುಂಡು. ನಿಕಲ್ ಅಲರ್ಜಿಯವರಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಹುಡುಕುವುದು ಕಷ್ಟ. ಅವಲಕ್ಕಿ ಮೊಸರು ಎಷ್ಟೋ ಮೇಲು. ಆದರೆ ಒಂದೇ ಬೆಳೆಯ ನಿಕಲ್ ಕೂಡ ಮಣ್ಣು, ಅದರ ಹುಳಿಗುಣ, ಗೊಬ್ಬರಕ್ಕೆ ತಕ್ಕಂತೆ ಹಲವು ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಪಟ್ಟಿ ನಿರರ್ಥಕ ಎನ್ನುವವರಿದ್ದಾರೆ. ಮೈಕ್ರೋಗ್ರಾಂ ಲೆಕ್ಕಕ್ಕೆ ಅದು ನಿರರ್ಥಕವೇ ಸರಿ. ಕೋಕೋ ಮತ್ತು ಅನ್ನದ ನಡುವಿನ ವ್ಯತ್ಯಾಸ ಮಾತ್ರ ಯಾವ ಮಣ್ಣಿನಲ್ಲೂ ಅಳಿಸಿಹೋಗುವಂಥದ್ದಲ್ಲ. ಆದ್ದರಿಂದ ತುದಿಯ ಏಳೆಂಟು ಪದಾರ್ಥ ಬಿಟ್ಟು ನೋಡುವುದರಲ್ಲಿ ಅರ್ಥವಿದೆ, ಪ್ರತಿ ತುತ್ತಿಗೂ ಲೆಕ್ಕ ಬರೆಯುವುದರಲ್ಲಿ ಇಲ್ಲ.

ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದನ್ನು ಪಟ್ಟಿ ಹಂಚುವವರು ಮರೆಯುತ್ತಾರೆ. ಅಮೆರಿಕದ ಸಂಡರ್ಮನ್ ತಂಡ 1989ರಲ್ಲಿ ಅಳೆದಾಗ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಕುಡಿದ ನಿಕಲ್‌ನ ಸರಾಸರಿ ಶೇಕಡಾ 27ರಷ್ಟು ದೇಹ ಹೀರಿತು. ಆಹಾರದಲ್ಲಿ ಬೆರೆಸಿ ಕೊಟ್ಟಾಗ ಹೀರಿದ್ದು ಶೇಕಡಾ 0.7 ಮಾತ್ರ. 1982ರಲ್ಲಿ ಸಾಲೊಮನ್ಸ್ ತಂಡ ನಿಕಲ್ ಜೊತೆಗೆ ಹಾಲು, ಚಹಾ, ಕಾಫಿ, ಕಿತ್ತಳೆರಸ ಅಥವಾ ಸಿ ಜೀವಸತ್ವ ಕೊಟ್ಟಾಗ ರಕ್ತದಲ್ಲಿ ನಿಕಲ್ ಏರುವುದು ತಗ್ಗಿತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಕಬ್ಬಿಣದ್ದು. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಕರೆದೊಯ್ಯುವ ಸಾಗಕವೇ ನಿಕಲ್ಲನ್ನೂ ಒಯ್ಯುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ದೇಹ ಆ ಸಾಗಕವನ್ನು ಹೆಚ್ಚಿಸುತ್ತದೆ, ಹೀಗಾಗಿ ನಿಕಲ್ ಕೂಡ ಹೆಚ್ಚು ಒಳಸೇರುತ್ತದೆ. ಇದನ್ನು ನಮ್ಮ ಪರಿಸ್ಥಿತಿಯ ಪಕ್ಕದಲ್ಲಿಟ್ಟು ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ, ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ನಿಕಲ್ ಅಲರ್ಜಿ ಹೆಚ್ಚಾಗಿ ಕಾಣುವುದೂ ಹೆಂಗಸರಲ್ಲೇ. ಅವರಿಗೆ ಕಾಳು, ಬೇಳೆ, ಸೊಪ್ಪು, ಎಳ್ಳು, ಕಡಲೆಕಾಯಿ ಎಲ್ಲವನ್ನೂ ಬಿಡಿಸಿದರೆ, ಅದರಲ್ಲೂ ಮಾಂಸ ಮುಟ್ಟದ ಮನೆಗಳಲ್ಲಿ, ಬಿಡಿಸಿದ್ದು ನಿಕಲ್ ಮಾತ್ರವಲ್ಲ, ಕಬ್ಬಿಣ ಮತ್ತು ಪ್ರೋಟೀನ್ ಕೂಡ. ಕೆಲ ತಿಂಗಳಲ್ಲಿ ರಕ್ತ ಇನ್ನಷ್ಟು ತೆಳುವಾಗಿ, ತಿನ್ನುವ ಅಲ್ಪ ನಿಕಲ್ಲೂ ಮೊದಲಿಗಿಂತ ಹೆಚ್ಚು ಒಳಸೇರುವ ಸ್ಥಿತಿ ಬರಬಹುದು. ಹಾಗಾಗಿ ಪಥ್ಯಕ್ಕೆ ಮೊದಲು ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ನೋಡಿಸಿ, ಕೊರತೆಯಿದ್ದರೆ ಕಬ್ಬಿಣದ ಮಾತ್ರೆ ಆರಂಭಿಸುವುದೇ ಎಷ್ಟೋ ಜನರಿಗೆ ಅರ್ಧ ಚಿಕಿತ್ಸೆ. ಊಟಕ್ಕೆ ನಿಂಬೆಹಣ್ಣು ಹಿಂಡುವುದು, ನೆಲ್ಲಿಕಾಯಿ ತಿನ್ನುವುದು ಎರಡೂ ಕಡೆ ನೆರವಾಗುತ್ತದೆ: ಕಬ್ಬಿಣ ಹೆಚ್ಚು ಸೇರುತ್ತದೆ, ನಿಕಲ್ ಕಡಿಮೆ. ಊಟದ ಜೊತೆ ಚಹಾ ಮಾತ್ರ ಬೇಡ. ಅದು ನಿಕಲ್ಲನ್ನು ತಡೆಯುವುದರ ಜೊತೆಗೆ ಕಬ್ಬಿಣವನ್ನೂ ತಡೆಯುತ್ತದೆ.

ಪಾತ್ರೆಯ ವಿಷಯದಲ್ಲಿ ಭಯವೂ ಹೆಚ್ಚು, ಗೊಂದಲವೂ ಹೆಚ್ಚು. 304 ದರ್ಜೆಯ ಸ್ಟೀಲಿನಲ್ಲಿ ಶೇಕಡಾ 8ರಷ್ಟು ನಿಕಲ್ ಇರುತ್ತದೆ, 430 ದರ್ಜೆಯಲ್ಲಿ ಬಹುತೇಕ ಇಲ್ಲ. ಅಮೆರಿಕದ ಒಂದು ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟೀಲಿನೊಂದಿಗೆ ಟೊಮೆಟೊ ಸಾಸನ್ನು ಗಂಟೆಗಟ್ಟಲೆ ಕುದಿಸಿದಾಗ ನಿಕಲ್ ಗಣನೀಯವಾಗಿ ಬಿಟ್ಟಿತು. ಅದೇ ಸ್ಟೀಲನ್ನು ಮತ್ತೆ ಮತ್ತೆ ಬಳಸಿದಂತೆ ಕಡಿಮೆಯಾಗುತ್ತ ಬಂದರೂ ಹತ್ತನೇ ಸಲಕ್ಕೂ 126 ಗ್ರಾಂ ಸಾಸಿಗೆ ಸರಾಸರಿ 88 ಮೈಕ್ರೋಗ್ರಾಂ ಉಳಿಯಿತು. ಅದಕ್ಕೆ ಮೊದಲು 1997ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಸಾಮಾನ್ಯ ಅಡುಗೆಯಲ್ಲಿ ಹೊಸ ಪಾತ್ರೆಯ ಮೊದಲ ಬಳಕೆಯಲ್ಲಷ್ಟೇ ನಿಕಲ್ ಕಂಡು, ನಂತರ ನಗಣ್ಯವಾಗುತ್ತದೆ ಎಂದಿದ್ದರು. ಎರಡೂ ಒಟ್ಟಿಗೆ ನಿಜವಾಗಬಹುದು. ಹುಳಿ ಮತ್ತು ಹೊತ್ತು, ಇವೆರಡರ ಮೇಲೆ ಎಲ್ಲ ನಿಂತಿದೆ. ಸ್ಟೀಲ್ ಪಾತ್ರೆಯಲ್ಲಿ ಅನ್ನ ಮಾಡಿದರೆ, ಹಾಲು ಕಾಯಿಸಿದರೆ ಚಿಂತೆಯಿಲ್ಲ. ಹುಣಸೆಹುಳಿಯ ಗೊಜ್ಜನ್ನು, ಟೊಮೆಟೊ ಸಾರನ್ನು ಅದರಲ್ಲೇ ಕುದಿಸಿ, ಅದರಲ್ಲೇ ರಾತ್ರಿಯಿಡೀ ಬಿಟ್ಟು, ಮಾರನೇ ದಿನ ಮತ್ತೆ ಬಿಸಿ ಮಾಡುವ ಅಭ್ಯಾಸ ಮಾತ್ರ ಪಥ್ಯದ ಅವಧಿಯಲ್ಲಿ ಬೇಡ. ಅಂಥ ಅಡುಗೆಗೆ ಕಬ್ಬಿಣದ ಬಾಣಲೆ ಒಳ್ಳೆಯದು. ಹುಳಿಗೆ ಅದು ಬಿಡುವುದು ಕಬ್ಬಿಣವನ್ನು. ಮತ್ತೆ ರೂಢಿಗೆ ಬರುತ್ತಿರುವ ಬಳಪದ ಕಲ್ಲಿನ ಪಾತ್ರೆಗೆ ನಿಕಲ್ ಇಲ್ಲವೆಂಬ ಗ್ಯಾರಂಟಿಯಿಲ್ಲ. ಬ್ರೆಜಿಲ್‌ನಲ್ಲಿ ನಡೆದ ಪರೀಕ್ಷೆಗಳಲ್ಲಿ ಪಳಗಿಸದ ಹೊಸ ಕಲ್ಲಿನ ಪಾತ್ರೆಗಳು ನಿಕಲ್ ಬಿಟ್ಟಿದ್ದುಂಟು. ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ಮೊದಲ ನೀರನ್ನು ಕುಡಿಯದೆ ಬಿಟ್ಟುಬಿಡುವುದು ಖರ್ಚಿಲ್ಲದ ಜಾಗ್ರತೆ. ಖಾಲಿ ಹೊಟ್ಟೆಯ ನೀರಿನ ಲೆಕ್ಕ ಮೇಲೆ ನೋಡಿದೆವಲ್ಲ.

ಪಥ್ಯದಿಂದ ಉಪಯೋಗವಾಗದಿದ್ದರೂ ನಷ್ಟವೇನು ಎಂಬ ಮಾತು ನಮ್ಮಲ್ಲಿ ಬಲು ಸಲೀಸಾಗಿ ಬರುತ್ತದೆ. ನಷ್ಟ ಏನೆಂಬುದನ್ನು ರಕ್ತಹೀನತೆಯ ಲೆಕ್ಕ ಹೇಳುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು: ಫಲವಿಲ್ಲದ ಪಥ್ಯ ಹಿಡಿದು ಕುಳಿತವರು ನಿಜವಾದ ಕಾರಣವನ್ನು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಅವರ ಇಸುಬಿಗೆ ಕಾರಣ ಸಿಮೆಂಟಿನ ಕ್ರೋಮೇಟ್ ಇರಬಹುದು, ರಬ್ಬರ್ ಗ್ಲೌಸ್ ಇರಬಹುದು, ಕೂದಲ ಬಣ್ಣ ಇರಬಹುದು, ಬರೀ ಶಿಲೀಂಧ್ರದ ಸೋಂಕೂ ಇರಬಹುದು. ಇನ್ನೊಂದು ತುದಿಯಲ್ಲಿ, ಊಟಕ್ಕೂ ಚರ್ಮಕ್ಕೂ ಸಂಬಂಧವೇ ಇಲ್ಲ ಎಂದು ಮುಲಾಮು ಬರೆದು ಕಳಿಸುವ ವೈದ್ಯರಿದ್ದಾರೆ. ದೊಡ್ಡ ಪ್ರಮಾಣದ ನಿಯಂತ್ರಿತ ಪ್ರಯೋಗಗಳಿಲ್ಲ ಎಂಬ ಅವರ ಮಾತು ನಿಜ. ಆದರೆ ಪುರಾವೆ ಕಡಿಮೆಯಿದೆ ಎಂದರೆ ರೋಗಿಯ ತೊಂದರೆ ಸುಳ್ಳು ಎಂದಾಗುವುದಿಲ್ಲ. ವರ್ಷಗಟ್ಟಲೆ ಸ್ಟಿರಾಯ್ಡ್ ಮುಲಾಮು ಹಚ್ಚುತ್ತಿರುವವರಿಗೆ ಆರು ವಾರದ ಪರೀಕ್ಷೆಯನ್ನು ನಿರಾಕರಿಸುವುದು ಎಚ್ಚರಿಕೆಯ ವೈದ್ಯಪದ್ಧತಿ ಎನಿಸಿಕೊಳ್ಳಲಾರದು.

ಹಾಗಾಗಿ ನನ್ನ ತೀರ್ಮಾನ ಇದು. ಪ್ಯಾಚ್ ಟೆಸ್ಟ್‌ನಲ್ಲಿ ನಿಕಲ್ ಸ್ಪಷ್ಟವಾಗಿ ಬಂದಿರಬೇಕು; ಮೈಗೆ ತಾಗುವ ಲೋಹ ಬಿಟ್ಟು ಎರಡು ಮೂರು ತಿಂಗಳಾದರೂ ಇಸುಬು ಮರುಕಳಿಸುತ್ತಿರಬೇಕು; ರಕ್ತದಲ್ಲಿ ಕಬ್ಬಿಣದ ಕೊರತೆಯಿದ್ದರೆ ಅದಕ್ಕೆ ಚಿಕಿತ್ಸೆ ನಡೆಯುತ್ತಿರಬೇಕು. ಈ ಮೂರೂ ಕೂಡಿದಾಗ ಮಾತ್ರ ವೈದ್ಯರ ಅಥವಾ ಆಹಾರತಜ್ಞರ ಕಣ್ಗಾವಲಿನಲ್ಲಿ ನಾಲ್ಕರಿಂದ ಎಂಟು ವಾರ ಪಥ್ಯ ಮಾಡಬೇಕು. ಆ ಅವಧಿಯಲ್ಲಿ ಪ್ರೋಟೀನಿಗೆ ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ, ಕೋಳಿ ಇರಲಿ. ವಾರಕ್ಕೊಮ್ಮೆ ಅಂಗೈಯ ಫೋಟೋ ತೆಗೆದಿಟ್ಟರೆ ಏರಿಳಿತವನ್ನು ನೆನಪಿನ ಮೇಲೆ ಬಿಡಬೇಕಾಗಿಲ್ಲ. ಗರ್ಭಿಣಿಯರು, ಎದೆಹಾಲು ಉಣಿಸುವವರು, ಬೆಳೆಯುವ ಮಕ್ಕಳು ಸ್ವಂತ ನಿರ್ಧಾರದಿಂದ ಇದಕ್ಕೆ ಕೈ ಹಾಕಬಾರದು. ಇಸುಬು ಇಳಿದರೆ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ, ನಾಲ್ಕೈದು ದಿನದ ಅಂತರದಲ್ಲಿ ವಾಪಸು ತನ್ನಿ. ಮೊದಲು ತೊಗರಿಬೇಳೆ, ಹೆಸರುಬೇಳೆ, ಸೊಪ್ಪು ಬರಲಿ. ಕೋಕೋ, ಗೋಡಂಬಿ, ಸೋಯಾ ಕೊನೆಗೆ ಬರಲಿ ಅಥವಾ ಬಾರದೇ ಇರಲಿ. ಹೆಚ್ಚಿನವರಿಗೆ ಕೊನೆಯಲ್ಲಿ ದೂರವಿಡಬೇಕಾಗಿ ಬರುವುದು ಮೂರು ನಾಲ್ಕು ಪದಾರ್ಥ ಮಾತ್ರ. ಎಂಟು ವಾರಕ್ಕೂ ಇಳಿಯದಿದ್ದರೆ ನಿಮ್ಮ ಇಸುಬಿಗೆ ಊಟ ಕಾರಣವಲ್ಲ. ಆ ದಿನವೇ ಪಥ್ಯ ಬಿಟ್ಟು, ಪಟ್ಟಿಯನ್ನು ಬದಿಗಿಟ್ಟು, ಬೇರೆ ಕಾರಣ ಹುಡುಕಲು ಚರ್ಮವೈದ್ಯರ ಬಳಿಗೆ ಮರಳಿ ಹೋಗಿ.